ಕೊಟ್ಟೆಕಡುಬು ಪಾಠಶಾಲೆಗೆ ಬಂದಾಗ

ಸೀತಾ ಮತ್ತು ಸುವರ್ಣಾ ನದಿಗಳು ಕಡಲನ್ನು ಸೇರುವ ಅಳಿವೆಯ ಬಳಿ ಹಂಗಾರಕಟ್ಟೆಯಿದೆ. ಅಲ್ಲಿನ ಮನೆಯೊಂದರಲ್ಲಿ ಕೊಟ್ಟೆಕಡುಬಿನ ಪಾಕವನ್ನು ಕೇಳಿದೆವೆನ್ನೋಣ. "ಉದ್ದು ಒಂದು ಕುಡ್ತೆ, ಅಕ್ಕಿತರಿ ಎರಡು ಕುಡ್ತೆ" ಎಂಬಷ್ಟು ಉತ್ತರ ದೊರೆಯುತ್ತದೆ. ಉಪ್ಪು ಎಷ್ಟು? "ಹದಕ್ಕೆ." ನೀರು? "ಹಿಟ್ಟು ಕೇಳಿದಷ್ಟು." ಮನೆಯಲ್ಲಿ ಇದರಿಂದ ತೊಡಕಿಲ್ಲ, ಅಳತೆಯು ಅಜ್ಜಿಯ ಕೈಯಲ್ಲಿದೆ. ನಲವತ್ತು ವಿದ್ಯಾರ್ಥಿಗಳ ಪಾಕಪಾಠಕ್ಕೆ ಆ ಕೈಯನ್ನು ಕೊಂಡೊಯ್ಯುವುದು ಹೇಗೆ?

ಅಜ್ಜಿಯನ್ನು ಪ್ರಶ್ನಿಸುವುದಕ್ಕಿಂತ ಭರಣಿಯನ್ನು ತೂಗುವುದು ಮೇಲು. ಅವರು ಉಪ್ಪು ತೆಗೆಯುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಭರಣಿಯನ್ನು ತೂಗಿದರೆ ವ್ಯತ್ಯಾಸವೇ "ಹದ". ನೀರಿಗೂ ಇದೇ ಕ್ರಮ. ಚಮಚದ ಲೆಕ್ಕ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಹರಳುಪ್ಪಿನ ನಡುವೆ ಗಾಳಿಯಿರುವುದರಿಂದ ಅದೇ ಚಮಚದಲ್ಲಿ ಪುಡಿಯುಪ್ಪು ಹೆಚ್ಚು ತೂಗುತ್ತದೆ. ನಮ್ಮ ದೇಶದಲ್ಲಿ ಮೆಟ್ರಿಕ್ ತೂಕಗಳು 1958ರ ಅಕ್ಟೋಬರಿನಿಂದ ಬಳಕೆಗೆ ಬಂದವು. ಅಡುಗೆಮನೆಯ ಕುಡ್ತೆಯಾದರೋ ಇಂದಿಗೂ ಮನೆಗೊಂದು ಬಗೆ.

ಉದ್ದು 200 ಗ್ರಾಂ, ತರಿ 400 ಗ್ರಾಂ ಬಂದು, ಹತ್ತು ಕಡುಬುಗಳಾದವೆಂದು ಭಾವಿಸೋಣ. ನಲವತ್ತಕ್ಕೆ ಎಲ್ಲವನ್ನೂ ನಾಲ್ಕರಿಂದ ಗುಣಿಸಿದರಾಯಿತು. ಆದರೆ ಕಾಲವನ್ನು ಹಾಗೆ ಗುಣಿಸಬಾರದು. ಶಾಖವು ಹಿಟ್ಟಿನ ಹೊರಮೈಯಿಂದ ನಡುವಿಗೆ ಮೆಲ್ಲನೆ ಸಾಗುತ್ತದೆ. ಕೊಟ್ಟೆಗಳ ಗಾತ್ರ ಅದೇ ಆಗಿದ್ದು, ಹಬೆ ಎಲ್ಲಕ್ಕೂ ಚೆನ್ನಾಗಿ ತಾಗುವಂತಿದ್ದರೆ, ಹತ್ತಕ್ಕೂ ನಲವತ್ತಕ್ಕೂ ಬೇಯುವ ಹೊತ್ತು ಹೆಚ್ಚುಕಡಮೆ ಒಂದೇ. ದಪ್ಪ ಇಮ್ಮಡಿಯಾದರೆ ಮಾತ್ರ ಹೊತ್ತು ಸುಮಾರು ನಾಲ್ಮಡಿಯಾಗುತ್ತದೆ. ನಾಲ್ಕು ಹಲಸಿನೆಲೆಗಳನ್ನು ಕಡ್ಡಿಯಿಂದ ಹೊಲಿದು ಕೊಟ್ಟೆ ಕಟ್ಟುವ ಬೇಸರಕ್ಕೆ ನಾವೊಮ್ಮೆ ಹಿಟ್ಟನ್ನೆಲ್ಲ ಆಳವಾದ ಒಂದೇ ಪಾತ್ರೆಗೆ ಸುರಿದೆವು. ಅಂಚು ಬೆಂದಿತು, ನಡುವೆ ಹಸಿಹಿಟ್ಟು ಹಾಗೆಯೇ ಉಳಿಯಿತು. ಕಿರಿದಾದ ಕೊಟ್ಟೆಯಲ್ಲಿ ಅಡಗಿದ್ದ ಭೌತಶಾಸ್ತ್ರ ಅಂದು ನಮಗೆ ತಿಳಿಯಿತು.

ಹುಳಿಯುವ ವಿಷಯ ಬೇರೆ. ಇಂಥ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡೀಸ್ ಎಂಬ ಬ್ಯಾಕ್ಟೀರಿಯವೆಂದು ಇಡ್ಲಿಹಿಟ್ಟಿನ ಮೇಲಿನ ಸಂಶೋಧನೆಯೊಂದು 1965ರಲ್ಲಿ ತೋರಿಸಿತು. ಅದು ಬಿಡುವ ಇಂಗಾಲದ ಡೈಆಕ್ಸೈಡನ್ನು ಉದ್ದಿನ ಲೋಳೆ ಹಿಡಿದಿಡುತ್ತದೆ. ಆದುದರಿಂದ ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಕರಾವಳಿಯ ಸೆಕೆಯಲ್ಲಿ ರಾತ್ರಿ ರುಬ್ಬಿಟ್ಟದ್ದು ಬೆಳಗಾಗುವಾಗ ಉಬ್ಬಿರುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಅಷ್ಟು ಹೊತ್ತು ಸಾಲದು. ನಲವತ್ತೈದು ನಿಮಿಷಗಳ ಒಂದು ಅವಧಿಯಲ್ಲಿ ಇದು ಮುಗಿಯುವ ಮಾತಲ್ಲ. ಹಿಂದಿನ ಸಂಜೆಯೇ ರುಬ್ಬಿಡಬೇಕು. ಪಾಠವನ್ನು ಬೆಳಗ್ಗೆಯೇ ಇಟ್ಟುಕೊಳ್ಳಬೇಕು. ಮಧ್ಯಾಹ್ನಕ್ಕೆ ಬಿಟ್ಟರೆ ಹಿಟ್ಟು ಹುಳಿಯೇರುತ್ತದೆ.

ಇನ್ನೊಂದನ್ನು ಅಜ್ಜಿ ಹೇಳುವುದೇ ಇಲ್ಲ, ಏಕೆಂದರೆ ಅವರ ಕೈಗೆ ಅದು ರೂಢಿ: ಮುಚ್ಚಳ ತೆಗೆಯುವ ಬಗೆ. ಒಂದು ಗ್ರಾಂ ಕುದಿನೀರು 100 ಡಿಗ್ರಿಯಿಂದ ಮೈಯ ಉಷ್ಣತೆಗೆ ಇಳಿಯುವಾಗ ಸುಮಾರು 63 ಕ್ಯಾಲೊರಿ ಶಾಖವನ್ನು ಕೊಡುತ್ತದೆ. ಒಂದು ಗ್ರಾಂ ಹಬೆಯು ನೀರಾಗುವಾಗಲೇ ಸುಮಾರು 540 ಕ್ಯಾಲೊರಿಯನ್ನು ಕೊಡುತ್ತದೆ. ಆದುದರಿಂದ ಒಲೆಯನ್ನು ಆರಿಸಿ, ಮುಚ್ಚಳದ ಆಚೆಯ ಅಂಚನ್ನು ಮೊದಲು ಎತ್ತಿ, ಹಬೆಯನ್ನು ಮುಖದಿಂದ ದೂರಕ್ಕೆ ಬಿಡಬೇಕು. ಇದನ್ನು ಪಾಕದ ಹಾಳೆಯಲ್ಲಿ ಉಪ್ಪಿಗಿಂತ ಮೇಲೆ ಬರೆಯತಕ್ಕದ್ದು.

ಮೊದಲ ದಿನದ ಕಡುಬನ್ನು ಪಾಕ ಹೇಳಿಕೊಟ್ಟ ಅಜ್ಜಿಗೇ ಕೊಟ್ಟು ನೋಡೋಣ. ಉಪ್ಪು ಸಾಲದೆಂದು ಅವರೆಂದರೆ ತಿದ್ದಬೇಕಾದುದು ನಮ್ಮ ಹಾಳೆಯ ಅಂಕೆ.