ತಾಯಿಯ ಮಾತ್ರೆಯಲ್ಲಿ ಮಗುವಿನ ಪಾಲು



ಬಸುರಿಯಾದವಳು ಮಾತ್ರೆ ನುಂಗಿದರೆ ಮಗುವಿಗೆ ಕೆಡುಕು ಎಂದು ಮನೆಯ ಹಿರಿಯರು ಹೇಳುವುದುಂಟು. ಎಷ್ಟೋ ಔಷಧಗಳ ವಿಷಯದಲ್ಲಿ ಈ ಎಚ್ಚರಿಕೆ ಸರಿಯೇ. ಆದರೆ ಥೈರಾಯ್ಡ್ ಕೊರತೆಗೆ ವೈದ್ಯರು ಕೊಡುವ ಥೈರಾಕ್ಸಿನ್ ಮಾತ್ರೆಯನ್ನು ಈ ಭಯದಿಂದ ನಿಲ್ಲಿಸಿದರೆ, ಕೆಡುಕಾಗುವುದು ಮಗುವಿಗೇ. ಅದು ಹೇಗೆ?

ಥೈರಾಯ್ಡ್ ಕತ್ತಿನ ಮುಂಭಾಗದಲ್ಲಿರುವ ಪುಟ್ಟ ಗ್ರಂಥಿ. ಅದು ಸ್ರವಿಸುವ ಥೈರಾಕ್ಸಿನ್ ಹಾರ್ಮೋನು ಮಗುವಿನ ಮೆದುಳಿನ ಬೆಳವಣಿಗೆಗೆ ಅಗತ್ಯ. ಗರ್ಭಸ್ಥ ಶಿಶುವಿನ ಗ್ರಂಥಿ ಸುಮಾರು 12ನೆಯ ವಾರದಲ್ಲಿ ಕೆಲಸ ಆರಂಭಿಸಿದರೂ, ಅದು ಬಲಗೊಳ್ಳಲು ಸುಮಾರು 20 ವಾರಗಳಾಗಬೇಕು. ಅಲ್ಲಿಯವರೆಗೆ ಮಗುವಿಗೆ ಮುಖ್ಯವಾಗಿ ತಾಯಿಯ ಹಾರ್ಮೋನೇ ಆಧಾರ. ಮಾತ್ರೆ ಆ ಕೊರತೆಯನ್ನು ತುಂಬುತ್ತದೆ. ಚಿಕಿತ್ಸೆಯಿಲ್ಲದೆ ಕೊರತೆ ತೀವ್ರವಾದರೆ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ತಾಯಿಗೆ ರಕ್ತದೊತ್ತಡದಂತಹ ತೊಂದರೆಗಳ ಸಂಭವ ಹೆಚ್ಚು.

ಆಯಾಸ, ಮಲಬದ್ಧತೆ, ತೂಕ ಹೆಚ್ಚುವುದು ಇವೆಲ್ಲ ಬಸಿರಿನಲ್ಲಿ ಸಹಜವಾದ್ದರಿಂದ ರೋಗ ಮರೆಯಾಗಿಯೇ ಉಳಿಯಬಹುದು. ಮನೆತನದಲ್ಲಿ ಥೈರಾಯ್ಡ್ ರೋಗವಿದ್ದರೆ, ಹಿಂದೆ ಗರ್ಭಪಾತವಾಗಿದ್ದರೆ, ಕತ್ತಿನಲ್ಲಿ ಊತವಿದ್ದರೆ ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಿ. ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆಯಿಂದ ವಿಷಯ ಗೊತ್ತಾಗುತ್ತದೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಸಿರು ನಿಂತೊಡನೆ ವೈದ್ಯರನ್ನು ಕಾಣಬೇಕು; ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಹಾರ್ಮೋನು ಅತಿಯಾಗಿ ಎದೆಬಡಿತ, ಕೈನಡುಕ ಇರುವವರ ಔಷಧವೇ ಬೇರೆ. ಅದನ್ನು ಬದಲಿಸಬೇಕಾಗಬಹುದಾದ್ದರಿಂದ ಅವರು ಗರ್ಭ ಧರಿಸುವ ಮುನ್ನವೇ ವೈದ್ಯರನ್ನು ಕೇಳುವುದು ಒಳಿತು.

ಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಗರ್ಭಿಣಿಯರಿಗೆ ಕೊಡುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಇದರ ಗುಣವನ್ನು ತಡೆಯುವುದರಿಂದ ನಡುವೆ ನಾಲ್ಕು ಗಂಟೆ ಅಂತರವಿರಲಿ. ಅಡುಗೆಗೆ ಅಯೋಡಿನ್ ಉಪ್ಪನ್ನೇ ಬಳಸಿ.

ಭಾನುವಾರ ಬಲಿಪೂಜೆಗೆ ಮುನ್ನ ಮಾತ್ರೆ ನುಂಗಿದರೆ ಪರಮಪ್ರಸಾದದ ಉಪವಾಸ ಮುರಿಯುವುದೇ? ಇಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ವಿಧಿ ಒಂದು ಗಂಟೆಯ ಉಪವಾಸವನ್ನು ಕೇಳುತ್ತದೆ. ನೀರು ಮತ್ತು ಔಷಧಕ್ಕೆ ಅದು ಅಡ್ಡಿಯಲ್ಲ. ಆದ್ದರಿಂದ, ತಾಯಂದಿರೇ, ನಿರ್ಭಯವಾಗಿ ಮಾತ್ರೆ ನುಂಗಿಯೇ ದೇವಾಲಯಕ್ಕೆ ಬನ್ನಿ.

ಗಂಡಂದಿರೇ, ಅತ್ತೆಯಂದಿರೇ, "ಈ ಹೊತ್ತಿನ ಮಾತ್ರೆ ಆಯಿತೇ?" ಎಂದು ದಿನಕ್ಕೊಮ್ಮೆ ಕೇಳಿ. ಇನ್ನೂ ಕಾಣದ ಆ ಕೂಸಿಗೆ ನೀವು ಇಂದೇ ಮಾಡಬಹುದಾದ ಆರೈಕೆ ಇದು.