ಅತಿಥಿಗೆ ಪಡಸಾಲೆ, ಕಣಜಕ್ಕೆ ಬೀಗ



ಉಮರ್ಗಾ ಮುಂಬಯಿ–ಹೈದರಾಬಾದ್ ಹೆದ್ದಾರಿಯ ಮೇಲಿನ ಊರು. ರಾತ್ರಿ ತಂಗಲು ಬಂದವರು ಹಿಂದೆ ಲಾಡ್ಜಿನಲ್ಲಿ ಬಿಸಿನೀರು ಇದೆಯೇ ಎಂದು ಕೇಳುತ್ತಿದ್ದರು. ಈಗ ವೈಫೈ ಇದೆಯೇ ಎಂದೂ ಕೇಳುತ್ತಾರೆ. ನಿಲಂಗಾ, ಉದಗೀರಗಳಲ್ಲಿಯೂ ಇದೇ ರೂಢಿ. ನಿಮ್ಮಲ್ಲಿ ಕೆಲವರ ಪಾಲಕರು ಲಾಡ್ಜು ನಡೆಸುತ್ತಿರಬಹುದು. ಉಳಿದವರು ಎಂದಾದರೂ ಅಲ್ಲಿ ತಂಗುವವರೇ. ಆದ್ದರಿಂದ ಈ ಪಾಠ ಎಲ್ಲರಿಗೂ ಬೇಕು.

ನಮ್ಮ ಹಳೆಯ ಮನೆಗಳನ್ನು ನೆನೆಯೋಣ. ಬಂದ ಅತಿಥಿಗೆ ಪಡಸಾಲೆಯಲ್ಲಿ ಕಂಬಳಿ ಹಾಸಿ ನೀರು, ಬೆಲ್ಲ ಕೊಡುತ್ತಿದ್ದರು. ಕಣಜದ ಕೀಲಿಯನ್ನು ಮಾತ್ರ ಕೊಡುತ್ತಿರಲಿಲ್ಲ. ಅದನ್ನು ಯಾರೂ ಅವಮಾನವೆಂದು ತಿಳಿಯುತ್ತಿರಲಿಲ್ಲ. ಅತಿಥಿಗೆ ವೈಫೈ ಕೊಡುವ ನೀತಿಯೂ ಇದೇ.

ತೆರೆದ ಬಾಗಿಲಿನ ಅಪಾಯ

ವೈಫೈ ಎಂದರೆ ತಂತಿಯಿಲ್ಲದೆ ರೇಡಿಯೊ ಅಲೆಗಳ ಮೂಲಕ ಸಿಗುವ ಸಂಪರ್ಕ. ಈ ಅಲೆ ಗೋಡೆಯ ಬಳಿ ನಿಲ್ಲುವುದಿಲ್ಲ. ಬೀದಿಯಲ್ಲಿ ನಿಂತ ಅಪರಿಚಿತನನ್ನೂ ಮುಟ್ಟುತ್ತದೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದವು. ಅದಕ್ಕೆ ತುಸು ಮೊದಲು ಬಂದ ಬೆದರಿಕೆಯ ಇ-ಮೇಲಿನ ಜಾಡು ಹಿಡಿದ ಪೊಲೀಸರು ನವಿ ಮುಂಬಯಿಯ ಒಂದು ಮನೆಗೆ ಬಂದರು. ಬರೆದವರು ಆ ಮನೆಯವರಲ್ಲ. ಭದ್ರವಿಲ್ಲದ ಅವರ ವೈಫೈಯನ್ನು ಬೇರೆಯವರು ಬಳಸಿದ್ದರು. ತಪ್ಪು ಯಾರದೋ, ಸಂಶಯ ಯಾರ ಮೇಲೋ! 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆಯು ಸಾರ್ವಜನಿಕ ವೈಫೈ ಬಳಸುವವರ ಗುರುತನ್ನು ಫೋಟೋ ಗುರುತುಚೀಟಿಯಿಂದಾಗಲಿ, ಮೊಬೈಲಿಗೆ ಬರುವ ಸಂಖ್ಯೆಯಿಂದಾಗಲಿ ಖಚಿತಪಡಿಸಿಕೊಳ್ಳಬೇಕೆಂದು ಸೂಚಿಸಿತು.

ಲಾಡ್ಜಿನವರು ಮಾಡಬೇಕಾದದ್ದು

1. ಎರಡು ಜಾಲಗಳಿರಲಿ. ಬಿಲ್ಲಿನ ಕಂಪ್ಯೂಟರ್, ಕ್ಯಾಮೆರಾಗಳು ಒಳಜಾಲದಲ್ಲಿ, ಅತಿಥಿಗಳು ಹೊರಜಾಲದಲ್ಲಿ. ಒಂದರಿಂದ ಇನ್ನೊಂದಕ್ಕೆ ದಾರಿ ಇರಬಾರದು.

2. ಪ್ರತಿ ಅತಿಥಿಗೂ ಬೇರೆ ಪಾಸ್‌ವರ್ಡ್ ಕೊಡಬೇಕು. ಕೋಣೆಯ ಕೀಲಿಯನ್ನು ಅತಿಥಿ ಮರಳಿಸಿ ಹೋಗುತ್ತಾನೆ. ಗೋಡೆಯ ಮೇಲೆ ಬರೆದ ಪಾಸ್‌ವರ್ಡನ್ನು ಮರಳಿಸಲಾರ. ಅವನು ಕೋಣೆ ಬಿಟ್ಟಾಗ ಅದೂ ರದ್ದಾಗಬೇಕು.

3. ಒಬ್ಬ ಅತಿಥಿಯ ಫೋನು ಇನ್ನೊಬ್ಬನ ಫೋನನ್ನು ಕಾಣದಂತೆ ಮಾಡುವ ಸೌಲಭ್ಯ ಅನೇಕ ರೂಟರುಗಳಲ್ಲಿದೆ. ಅದನ್ನು ಬಳಸಬೇಕು.

4. ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸುವಂತೆ ಹಂಚಬೇಕು. ಸೆಕೆಂಡಿಗೆ 100 ಮೆಗಾಬಿಟ್ ಸಂಪರ್ಕವನ್ನು 20 ಕೋಣೆಗಳು ಒಮ್ಮೆಲೇ ಬಳಸಿದರೆ ಪಾಲಿಗೆ 5 ಬರುತ್ತದೆ. ಮಿತಿ ಇಲ್ಲದಿದ್ದರೆ ಒಬ್ಬನ ಸಿನಿಮಾಕ್ಕಾಗಿ ಉಳಿದವರು ಕಾಯಬೇಕಾದೀತು.

ಗುರುತಿಗಾಗಿ ಪಡೆದ ಮೊಬೈಲ್ ಸಂಖ್ಯೆ ನಂಬಿ ಕೊಟ್ಟ ವಸ್ತು. ಅದಕ್ಕೆ ಜಾಹೀರಾತು ಕಳಿಸುವುದು, ಅದನ್ನು ಇತರರಿಗೆ ಮಾರುವುದು ಸಲ್ಲದು. ಪಡೆದ ಕಾರಣಕ್ಕಷ್ಟೇ ಮಾಹಿತಿಯನ್ನು ಬಳಸಬೇಕೆಂಬುದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆಯ ತತ್ವವೂ ಹೌದು.

ಅತಿಥಿಯ ಎಚ್ಚರ

ಅತಿಥಿಯೂ ಕಣ್ಣುಮುಚ್ಚಿ ನಂಬಬಾರದು. ಏಷ್ಯಾದ ಕೆಲವು ದೊಡ್ಡ ಹೋಟೆಲುಗಳಲ್ಲಿ ನಡೆದ ಮೋಸವನ್ನು 2014ರ ನವೆಂಬರ್‌ನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಬಯಲಿಗೆ ತಂದಿತು. ಅತಿಥಿಯು ಹೆಸರು, ಕೋಣೆಯ ಸಂಖ್ಯೆ ಬರೆದು ವೈಫೈಗೆ ಸೇರಿದೊಡನೆ, ಕಂಪ್ಯೂಟರಿನ ತಂತ್ರಾಂಶವನ್ನು ಹೊಸದಾಗಿಸಿಕೊಳ್ಳಿ ಎಂಬ ಸೂಚನೆ ಬರುತ್ತಿತ್ತು. ಒಪ್ಪಿದರೆ ಕಳ್ಳ ತಂತ್ರಾಂಶ ಒಳಗೆ ಇಳಿಯುತ್ತಿತ್ತು. ಆದ್ದರಿಂದ ಜಾಲದ ಸರಿಯಾದ ಹೆಸರನ್ನು ಕೌಂಟರಿನಲ್ಲಿ ಕೇಳಿಯೇ ಸೇರಬೇಕು. ಅಂಥ ಸೂಚನೆಗಳನ್ನು ಒಪ್ಪಬಾರದು. ಬ್ಯಾಂಕಿನ ವ್ಯವಹಾರಕ್ಕೆ ಸ್ವಂತ ಮೊಬೈಲ್ ಸಂಪರ್ಕವನ್ನೇ ಬಳಸಬೇಕು.

ಆದರವೂ ಎಚ್ಚರವೂ ಒಂದೇ ಮನೆಯಲ್ಲಿ ಬಾಳಬಲ್ಲವು. ನಮ್ಮ ಹಿರಿಯರ ಪಡಸಾಲೆ ಕಲಿಸಿದ್ದು ಇದನ್ನೇ.

ಅಭ್ಯಾಸ

1. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟರೆ ಏನು ತೊಂದರೆ?

2. ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತಿದೆ? ಪಾಲಕರೊಡನೆ ಕುಳಿತು ಪಟ್ಟಿ ಮಾಡಿರಿ.

3. ನಮ್ಮ ಗಡಿಯ ಊರಿಗೆ ಕನ್ನಡಿಗರೂ ಮರಾಠಿಗರೂ ಬರುತ್ತಾರೆ. ಲಾಡ್ಜಿನ ಕೌಂಟರಿನಲ್ಲಿ ಇಡಲು ವೈಫೈ ಸೂಚನೆಗಳನ್ನು ಎರಡೂ ಭಾಷೆಗಳಲ್ಲಿ ಐದೈದು ಸಾಲುಗಳಲ್ಲಿ ಬರೆಯಿರಿ.