ಮೊಲದ ಹಲ್ಲಿಗೆ ಎಷ್ಟು ಖರ್ಚು ಮಾಡಬೇಕು?

ಮೊಲ ಸಾಕಿದ ಮನೆಯಲ್ಲಿ ಹಣ ಹೆಚ್ಚಾಗಿ ಹೋಗುವುದು ಯಾವುದಕ್ಕೆ ಎಂದು ಕೇಳಿದರೆ ಕ್ಯಾರೆಟ್ಟು, ಸೊಪ್ಪು ಎಂದು ಹೇಳುವವರೇ ಜಾಸ್ತಿ. ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲು ಒಣಹುಲ್ಲಿನದು. ಎರಡನೆಯದು ಕಡಿಯುವ ವಸ್ತುಗಳದು. ಸೊಪ್ಪು ತರಕಾರಿ ಆಮೇಲೆ.

ಇದಕ್ಕೆ ಕಾರಣ ಮೊಲದ ಬಾಯಲ್ಲೇ ಇದೆ. ಅದಕ್ಕೆ 28 ಹಲ್ಲುಗಳು. ಅಷ್ಟೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರ್ ಬೆಳೆಯುತ್ತದೆ. ಸವೆಯಲು ದಾರಿಯಿಲ್ಲದಿದ್ದರೆ ಒಳಗಿನ ದವಡೆ ಹಲ್ಲುಗಳ ಅಂಚಿನಲ್ಲಿ ಚೂಪಾದ ಮೊನೆಗಳು ಮೂಡಿ ನಾಲಿಗೆಯನ್ನೂ ಕೆನ್ನೆಯನ್ನೂ ಗೀರುತ್ತವೆ. ನೋವಿಗೆ ಮೊಲ ಮೇವು ಬಿಡುತ್ತದೆ. ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಚಲನೆ ನಿಲ್ಲುವ ಭಯವಿರುತ್ತದೆ, ಅದು ಪ್ರಾಣಕ್ಕೇ ಬರುತ್ತದೆ. ಬೆಂಗಳೂರಿನಲ್ಲಿ ನಮ್ಮ ಪರಿಚಯದವರೊಬ್ಬರು ತಮ್ಮ ಮೊಲಕ್ಕೆ ಅರಿವಳಿಕೆ ಕೊಡಿಸಿ ದವಡೆ ಹಲ್ಲು ಉಜ್ಜಿಸಿದರು. ಬಂದ ಬಿಲ್ಲು ನಾವು ಹುಲ್ಲಿಗೆ ಹಲವು ತಿಂಗಳು ಕೊಡುವ ಹಣದಷ್ಟಿತ್ತು. ಹೀಗೆ ಒಮ್ಮೆ ಕೆಟ್ಟ ಹಲ್ಲಿಗೆ ಮತ್ತೆ ಮತ್ತೆ ಅದೇ ಚಿಕಿತ್ಸೆ ಬೇಕಾಗುವುದುಂಟು.

ಆದ್ದರಿಂದ ಈ ಖರ್ಚನ್ನು ನಾನು ಎರಡು ಖಾತೆಯಾಗಿ ಬರೆಯುತ್ತೇನೆ. ದಿನವೂ ತಿಂದು ಮುಗಿಯಬೇಕಾದದ್ದು ಒಂದು, ಬಾಳಿಕೆ ಬರಬೇಕಾದದ್ದು ಇನ್ನೊಂದು. ಪೆಟ್ ಅಂಗಡಿಯಲ್ಲಿ ಇವೆರಡನ್ನೂ ಕಲಸಿ ಮಾರುತ್ತಾರೆ. ‘ಈ ಕಟ್ಟಿಗೆ ಕೊಟ್ಟರೆ ಹಲ್ಲು ಸವೆಯುತ್ತದೆ, ಬಹಳ ದಿನ ಬರುತ್ತದೆ’ ಎನ್ನುತ್ತಾರೆ. ಕಟ್ಟಿಗೆ ಕಡಿದರೆ ಸವೆಯುವುದು ಮುಖ್ಯವಾಗಿ ಮುಂದಿನ ಹಲ್ಲು. ದವಡೆ ಹಲ್ಲು ಸವೆಯುವುದು ಹುಲ್ಲನ್ನು ಅಡ್ಡಡ್ಡ ಅರೆಯುವಾಗ, ಗಂಟೆಗಟ್ಟಲೆ ಅರೆದಾಗ. ಮೊಲದ ಆಹಾರದಲ್ಲಿ ಸುಮಾರು ಶೇ 80 ಭಾಗ ಹುಲ್ಲೇ ಇರಬೇಕು ಎಂದು ಪಶುವೈದ್ಯರು ಹೇಳುವುದು ಇದಕ್ಕೇ. ಎಷ್ಟು ಬೆಲೆಯ ಆಟಿಕೆಯೂ ಈ ಕೆಲಸ ಮಾಡಲಾರದು.

ಹೊರದೇಶದಿಂದ ಬರುವ ಟಿಮೊಥಿ ಹುಲ್ಲು ದುಬಾರಿ. ಸಣ್ಣ ಪ್ಯಾಕೆಟ್ಟಿನಲ್ಲಿ ಕೊಂಡರಂತೂ ಕಿಲೋ ಲೆಕ್ಕದಲ್ಲಿ ಬಾದಾಮಿಯ ಹತ್ತಿರ ಹೋಗುತ್ತದೆ. ಮೊಲ ಸಾಕಿರುವ ಇನ್ನೊಂದು ಮನೆಯವರ ಜೊತೆ ಸೇರಿ ದೊಡ್ಡ ಚೀಲ ತರಿಸಿ ಹಂಚಿಕೊಳ್ಳುವುದು ನಮಗೆ ಒಗ್ಗಿದ ದಾರಿ. ಓಟ್ಸ್ ಹುಲ್ಲು ಇದಕ್ಕಿಂತ ಅಗ್ಗ, ಅದೂ ಚೆನ್ನಾಗಿಯೇ ಆಗುತ್ತದೆ. ಔಷಧಿ ಹೊಡೆಯದ ಜಾಗದ ಗರಿಕೆ ಸಿಕ್ಕರೆ ಕಾಸಿಲ್ಲದೆ ಒಂದಷ್ಟು ಭಾಗ ತುಂಬುತ್ತದೆ. ಲೂಸರ್ನ್ ಎಂದು ಮಾರುವ ಕುದುರೆ ಮೆಂತೆ ಮಾತ್ರ ಮರಿಗಳಿಗಷ್ಟೇ ಸರಿ. ದೊಡ್ಡ ಮೊಲಕ್ಕೆ ಅದರಲ್ಲಿನ ಕ್ಯಾಲ್ಸಿಯಂ ಹೆಚ್ಚಾಗುತ್ತದೆ. ಯಾವ ಹುಲ್ಲೇ ಆಗಲಿ, ಗಾಳಿಯಾಡುವ ಬಟ್ಟೆ ಚೀಲದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟು ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಪೂರ್ತಿ ಚೀಲ ಎಸೆಯಬೇಕು.

ಇನ್ನು ಬಾಳಿಕೆಯ ಖಾತೆ. ಇಲ್ಲಿ ನಮ್ಮ ಭಾಗದವರಿಗೆ ಒಂದು ದೊಡ್ಡ ಅನುಕೂಲವಿದೆ: ಹಿಪ್ಪುನೇರಳೆ. ನಮ್ಮಣ್ಣ ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಗಾರ. ಅಂಗಡಿಯಲ್ಲಿ ಸೇಬಿನ ಕಡ್ಡಿಯ ಪುಟ್ಟ ಕಟ್ಟಿಗೆ ಇನ್ನೂರು ರೂಪಾಯಿ ಎಂದಾಗ ಅವನು, “ಅಲ್ಲಮ್ಮ, ಒಲೆಗೆ ಹಾಕೋ ಕಡ್ಡಿಗೆ ಇನ್ನೂರಾ? ತೋಟದಾಗೆ ಬಿದ್ದಾವೆ, ಬಂದು ತಗೊಂಡು ಹೋಗು” ಎಂದ. ಹಿಪ್ಪುನೇರಳೆಯ ಎಲೆಯೂ ಕಡ್ಡಿಯೂ ಮೊಲಕ್ಕೆ ಸುರಕ್ಷಿತ. ಆದರೆ ಕಡ್ಡಿಯನ್ನು ತೋಟದಿಂದಲೇ ಕಡಿದು ತರಬೇಕು. ಹುಳು ಮೇಯ್ದು ಬಿಟ್ಟ ಕಡ್ಡಿಗೆ ಸುಣ್ಣ, ರೋಗ ತಡೆಯುವ ಪುಡಿ ಎಲ್ಲ ಅಂಟಿರುತ್ತದೆ. ತೋಟಕ್ಕೆ ಯಾವಾಗ ಔಷಧಿ ಹೊಡೆದರು ಎಂಬುದನ್ನೂ ಕೇಳಿಕೊಳ್ಳಿ. ತಂದ ಕಡ್ಡಿಯನ್ನು ತೊಳೆದು ಬಿಸಿಲಿಗೆ ಹಾಕಿ ಚೆನ್ನಾಗಿ ಒಣಗಿಸಿದರೆ ತಿಂಗಳುಗಟ್ಟಲೆ ಇರುತ್ತದೆ.

ನಮ್ಮ ಮೊಲ ಗುಂಡ ಹೆಬ್ಬೆರಳು ದಪ್ಪದ ಕಡ್ಡಿಯನ್ನು ಹೇಗೆ ಮುಗಿಸುತ್ತಾನೆ ನೋಡಬೇಕು. ಮೊದಲು ಒಂದು ತುದಿಯನ್ನು ಮುಂಗಾಲಿನಿಂದ ಒತ್ತಿ ಹಿಡಿದು ತೊಗಟೆಯನ್ನು ಉದ್ದಕ್ಕೆ ಪಟ್ಟಿಪಟ್ಟಿಯಾಗಿ ಸುಲಿದು ತಿನ್ನುತ್ತಾನೆ. ಆಮೇಲೆ ಒಳಗಿನ ಬಿಳಿ ಕಟ್ಟಿಗೆಯನ್ನು ಸುತ್ತಲೂ ಕೆರೆಯುತ್ತಾನೆ. ನಡುವೆ ಬಿಟ್ಟುಹೋಗಿ ಮತ್ತೆ ಬಂದು ಅದೇ ಗುರುತಿನಿಂದ ಶುರು ಮಾಡುತ್ತಾನೆ. ತೊಗಟೆ ಹೋದ ಕಡ್ಡಿಯ ಮೇಲೆ ಆಸೆ ಕಡಿಮೆಯಾದಾಗ ಹೊಸದನ್ನು ಇಡುತ್ತೇನೆ. ಗೂಡಿನ ಮೂಲೆಯಲ್ಲಿ ವರ್ಷಗಟ್ಟಲೆ ಹಾಗೇ ಬಿದ್ದಿರುವ ಗಟ್ಟಿ ಮರದ ಆಟಿಕೆಯನ್ನು ಬಾಳಿಕೆ ಬಂದದ್ದು ಎನ್ನಲಾಗದು, ಅದಕ್ಕೆ ಕೊಟ್ಟ ಹಣ ನಷ್ಟದ ಬಾಬತ್ತಿಗೇ ಸೇರಿತು. ಮೊಲ ಕಡಿದ ದಿನಗಳಿಂದ ಬೆಲೆಯನ್ನು ಭಾಗಿಸಿ ನೋಡಿದರೆ ಮಾತ್ರ ಅಗ್ಗ ಯಾವುದು, ದುಬಾರಿ ಯಾವುದು ತಿಳಿಯುತ್ತದೆ.

ಹೀಗೆ ಭಾಗಿಸಿದಾಗ ನಮ್ಮಲ್ಲಿ ಗೆದ್ದದ್ದು ಸಂತೆಯಲ್ಲಿ ಸಿಗುವ, ಬಣ್ಣ ಹಾಕದ ಈಚಲು ಚಾಪೆ. ಹಾಸಿಗೆಯೂ ಆಯಿತು, ಕಡಿಯಲೂ ಆಯಿತು, ತಿಂಗಳುಗಳ ಕಾಲ ಬಂತು. ಸೀಬೆಮರದ ಕವಲು ಕೊಂಬೆ, ಬಿದಿರಿನ ತುಂಡು, ಒಣಗಿದ ಹೀರೆಕಾಯಿಯ ನಾರು ಎಲ್ಲವೂ ಒಳ್ಳೆಯವೇ. ಟೇಪು, ಪಿನ್ನು ಕಿತ್ತ ರಟ್ಟಿನ ಡಬ್ಬಕ್ಕೆ ಎರಡು ಬಾಗಿಲು ಕೊಯ್ದಿಟ್ಟರೆ ಬಚ್ಚಿಟ್ಟುಕೊಳ್ಳುವ ಮನೆಯಾಗುತ್ತದೆ. ಅದು ಬೇಗ ಹಾಳಾಗುತ್ತದೆ, ಆದರೆ ಬಿಟ್ಟಿ.

ಕೊಡಬಾರದವುಗಳಲ್ಲಿ ಬಡಗಿ ಅಂಗಡಿಯ ಪ್ಲೈವುಡ್ ತುಂಡನ್ನು ಮೊದಲು ಹೇಳಬೇಕು. ಅದು ಪುಕ್ಕಟೆ ಸಿಗುತ್ತದೆ, ಆದರೆ ಅದರ ತುಂಬ ಅಂಟು. ಬಣ್ಣ, ಪಾಲಿಶ್ ಹಚ್ಚಿದ ಮರವೂ ಬೇಡ. ಕಣಗಿಲೆ, ಲಂಟಾನ, ಬೆಣ್ಣೆಹಣ್ಣಿನ ಗಿಡದ ಕಡ್ಡಿ ವಿಷ. ತಿಂದು ಬಿಟ್ಟ ಮುಸುಕಿನಜೋಳದ ದಿಂಡನ್ನೂ ಕೊಡಬೇಡಿ. ಅದರ ಚೂರು ಕರುಳಿಗೆ ಅಡ್ಡ ಕೂರಬಹುದು, ಮೊಲಕ್ಕೆ ವಾಂತಿ ಮಾಡಿ ಹೊರಹಾಕಲು ಬರುವುದಿಲ್ಲ. ಜೇನು ಹಾಕಿ ಕಾಳು ಅಂಟಿಸಿದ ಕಡ್ಡಿ, ಖನಿಜದ ಕಲ್ಲು ಇವಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಅದೇ ಹಣದಲ್ಲಿ ಪಿವಿಸಿ ಕೊಳವೆ ತಂದು ನೆಲದ ಮೇಲಿನ ವೈರುಗಳನ್ನೆಲ್ಲ ಅದರೊಳಗೆ ಸೇರಿಸಿ. ಎಷ್ಟು ಕಡ್ಡಿ ಇಟ್ಟರೂ ಮೊಲ ಚಾರ್ಜರಿನ ವೈರನ್ನು ಬಿಡುವುದಿಲ್ಲ.

ಹೀಗೆ ಆಟಿಕೆಯಲ್ಲಿ ಉಳಿದ ಹಣವನ್ನು ನಾನು ಬ್ಯಾಂಕಿನಲ್ಲಿ ಗುಂಡನ ಲೆಕ್ಕಕ್ಕೆಂದು ತೆರೆದ ಸಣ್ಣ ಆರ್‌ಡಿಗೆ ಹಾಕುತ್ತೇನೆ. ಸಾಕುಪ್ರಾಣಿ ವಿಮೆ ಬಹುಪಾಲು ನಾಯಿ ಬೆಕ್ಕುಗಳಿಗೇ ಇರುವುದರಿಂದ ಮೊಲದ ವಿಮೆಯನ್ನು ನಾವೇ ಕಟ್ಟಿಕೊಳ್ಳಬೇಕು. ಚೆನ್ನಾಗಿ ನೋಡಿಕೊಂಡ ಮೊಲ 8ರಿಂದ 12 ವರ್ಷ ಬದುಕುತ್ತದೆ. ದಿನಕ್ಕೊಮ್ಮೆ ಹಿಕ್ಕೆ ನೋಡಿ. ಅದು ಸಣ್ಣದಾದರೆ ಅಥವಾ ಕಡಿಮೆಯಾದರೆ ಅದೇ ದಿನ ವೈದ್ಯರ ಬಳಿ ಒಯ್ಯಿರಿ. ಬಾಚಿಹಲ್ಲು ಉದ್ದವಾಗಿ ಕಂಡರೆ ಉಗುರು ಕತ್ತರಿಸುವ ಕಟರ್ ಹಿಡಿಯಬೇಡಿ, ಹಲ್ಲು ಸೀಳುತ್ತದೆ. ಮೊಲದ ಹಲ್ಲು ನೋಡಿ ಅನುಭವವಿರುವ ಪಶುವೈದ್ಯರು ಎಲ್ಲ ಊರಲ್ಲೂ ಸಿಗುವುದಿಲ್ಲ. ಮನೆಗೆ ಮೊಲ ತರುವ ಮೊದಲೇ ಅಂಥವರೊಬ್ಬರನ್ನು ಹುಡುಕಿ ಅವರ ನಂಬರ್ ಬರೆದಿಟ್ಟುಕೊಳ್ಳಿ.